ಅತ್ಯಂತ ಹಿಂದುಳಿದ ಬ್ಲಾಕು

ಸಿದ್ಧಲಿಂಗೇಶರು ಆ ಶನಿವಾರ ಸಂಜೆ ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ಅವರ ಭಾನುವಾರ ಸುಖವಾಗಿ ಕಳೆಯುತ್ತಿತ್ತು. ಆದರೆ ಚೆನ್ನೈನ ಪೋರೂರಿನ ಆ ಅಪಾರ್ಟ್‌ಮೆಂಟಿನ ಸಭೆಯಲ್ಲಿ ನಾಲ್ಕೂ ಬ್ಲಾಕಿನವರು ಕೂಗಾಡುತ್ತಿದ್ದಾಗ ಅವರಿಗೆ ಸುಮ್ಮನಿರಲು ಆಗಲಿಲ್ಲ. ಸಂಘದ ಕೈಯಲ್ಲಿದ್ದ ಹಣ ಒಂದು ಬ್ಲಾಕಿನ ದುರಸ್ತಿಗೆ ಮಾತ್ರ ಸಾಲುತ್ತಿತ್ತು. ಯಾವ ಬ್ಲಾಕಿಗೆ ಎಂಬುದೇ ಜಗಳ.

“ಒದರ್ಯಾಡಿ ತೀರ್ಮಾನ ಮಾಡೂದಲ್ರೀ ಇದು,” ಎಂದು ಎದ್ದು ನಿಂತರು. “ಸರ್ಕಾರ ಹಿಂದುಳಿದ ಜಿಲ್ಲಾ ಹೆಂಗ ಆರಸ್ತದ? ಅಳತಿ ಮಾಡ್ತದ, ಅಂಕ ಕೊಡ್ತದ, ಎಲ್ಲಾರಕಿಂತ ಹಿಂದ ಇದ್ದವರಿಗೆ ರೊಕ್ಕ ಕೊಡ್ತದ. ಅದಕ್ಕ ಸೂತ್ರ ಅಂತ ಒಂದು ಇರ್ತದ.”

ಸೂತ್ರ ಕಟ್ಟುವುದೇ ಅವರ ಕಸುಬು. ನಗರದ ಒಂದು ಸಂಶೋಧನಾ ಸಂಸ್ಥೆಯ ತಣ್ಣನೆಯ ಕೋಣೆಯಲ್ಲಿ ಕುಳಿತು, ತಾವು ಕಣ್ಣಾರೆ ಕಾಣದ ಜಿಲ್ಲೆಗಳನ್ನು ಮುಂದುವರಿದವು, ಹಿಂದುಳಿದವು ಎಂದು ವಿಂಗಡಿಸಿ ಸರ್ಕಾರಕ್ಕೆ ಕಳಿಸುತ್ತಲೇ ಅವರ ತಲೆ ಬೆಳ್ಳಗಾಗಿತ್ತು. ಮನೆಯಲ್ಲಿ ಮಾತ್ರ ಹಳೆ ಬೇಳೆ ಯಾವುದು, ಹೊಸದು ಯಾವುದು ಎಂದು ವಿಂಗಡಿಸುವ ಅಧಿಕಾರವೂ ಅವರಿಗಿರಲಿಲ್ಲ.

ಸಂಘದ ಕಾರ್ಯದರ್ಶಿ ಜಯಪ್ರಕಾಶ್ ಕುಂದಾಪುರದ ಕಡೆಯವರು, ಬೆಸೆಂಟ್ ನಗರದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವವರು. ಗಲಾಟೆ ತಪ್ಪಿದರೆ ಸಾಕಾಗಿತ್ತು ಅವರಿಗೆ. “ದೇಶಕ್ಕೇ ಲೆಕ್ಕ ಹಾಕುವ ಜನ ನಮ್ಮಲ್ಲೇ ಉಂಟು ಮಾರಾಯ್ರೆ! ಇನ್ನೆಂತ ಚರ್ಚೆ? ನಾಳೆಯೇ ಅಳತೆ ಆಗ್ಲಿ,” ಎಂದು ಸಭೆ ಮುಗಿಸಿದರು.

ಸಿದ್ಧಲಿಂಗೇಶರ ಉತ್ಸಾಹಕ್ಕೆ ಇನ್ನೊಂದು ಕಾರಣವೂ ಇತ್ತು. ಅವರಿದ್ದ ಸಿ ಬ್ಲಾಕಿನ ಲಿಫ್ಟು ಆರು ತಿಂಗಳಿಂದ ಕೆಟ್ಟು ನಿಂತಿತ್ತು. ಮಂಡಿನೋವಿನ ತಾಯಿ ಸುವರ್ಣಮ್ಮ ಅಂದಿನಿಂದ ಮೂರನೇ ಮಹಡಿ ಬಿಟ್ಟು ಇಳಿದಿರಲಿಲ್ಲ. ಬರುವ ಗುರುವಾರ ಪುರಸೈವಾಕ್ಕಂನ ಬೀಗರ ಮನೆಯಲ್ಲಿ ಮೊಮ್ಮಗಳು ಶಿಲ್ಪಶ್ರೀಯ ಸೀಮಂತ. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಇಳಿಸುತ್ತೇವೆ ಎಂದು ಬ್ಲಾಕಿನ ಹುಡುಗರು ಮುಂದೆ ಬಂದರೆ ಮುದುಕಿ ಗದರಿಸಿ ಕಳಿಸಿದ್ದರು. “ನಮ್ಮ ಮಂದಿಯೊಳಗ ಕೂಡಿಸಿಕೊಂಡು ಹೊರೂದು ಒಮ್ಮೆನ, ಅದೂ ಜೀವ ಹೋದ ಮ್ಯಾಲೆ. ಈಗಿಂದನ ತಾಲೀಮು ಮಾಡ್ಸತೀರೇನು?”

ಹಾಗಾಗಿ ಹಣ ಸಿ ಬ್ಲಾಕಿಗೇ ಬರಬೇಕಿತ್ತು. ಬಂದರೆ ಸೋಮವಾರವೇ ರಿಪೇರಿಯವನು ಬರುತ್ತಿದ್ದ.

ಸೂತ್ರದಲ್ಲಿ ಎರಡೇ ಅಳತೆ. ಲಿಫ್ಟಿಗಾಗಿ ಜನ ಎಷ್ಟು ಹೊತ್ತು ಕಾಯುತ್ತಾರೆ, ಈ ತಿಂಗಳು ಎಷ್ಟು ದೂರು ಕೊಟ್ಟಿದ್ದಾರೆ. ಎರಡೂ ಹೆಚ್ಚಿದ್ದ ಬ್ಲಾಕು ಹಿಂದುಳಿದದ್ದು.

“ನಮ್ಮ ಲಿಫ್ಟ್ ಕೆಟ್ಟದ ಅಂತ ನೆಟ್ಟಗ ಬರದ್ರ ಆಗೂದಿಲ್ಲೇನ್ರಿ?” ಎಂದಳು ಹೆಂಡತಿ ದಾಕ್ಷಾಯಿಣಿ.

“ಹಂಗ ಬರದ್ರ ತನ್ನ ಬ್ಲಾಕಿಗೆ ತಾನ ಮಾಡಿಕೊಂಡ ಅಂತಾರ. ಸೂತ್ರ ತಾನಾಗೇ ನಮ್ಮ ಕಡೆ ಬರ್ತದ. ನಮಗಿಂತ ಹೆಚ್ಚು ಕಾದವರು ಯಾರದಾರ?”

ಎ ಬ್ಲಾಕಿನ ಚಂದುವಿನ ಮೇಲೆ ಅವರಿಗೆ ಮೊದಲಿನಿಂದಲೂ ಅನುಮಾನ. ಅವನು ಕಿತಾಪತಿ ಮಾಡದಿರಲೆಂದು ಕೊನೆಗೆ ಒಂದು ನಿಯಮವನ್ನೂ ಸೇರಿಸಿದರು. ಅಳತೆ ಮುಗಿದ ಮೇಲೆ ಸೂತ್ರವನ್ನು ಯಾರೂ ಮುಟ್ಟುವಂತಿಲ್ಲ.

ಭಾನುವಾರ ಬೆಳಿಗ್ಗೆ ಹೋಗಿ ನೋಡಿದರೆ ಎ ಬ್ಲಾಕು ಒಂದೇ ರಾತ್ರಿಯಲ್ಲಿ ಹಿಂದುಳಿದುಬಿಟ್ಟಿತ್ತು. ಬಲ್ಬುಗಳೆಲ್ಲ ಮಾಯ. ನಿನ್ನೆ ಸಂಜೆ ಶಟಲ್ ಆಡುತ್ತಿದ್ದ ಗಂಡಸರು ಮೆಟ್ಟಿಲ ಮೇಲೆ ಕುಳಿತು ಕೆಮ್ಮುತ್ತಿದ್ದರು. ಜಿಮ್ ನಡೆಸುವ ಚಂದು ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತ ಬಂದ.

“ವಾಂಗ ಸಾರ್, ನಮ್ಮ ಕಷ್ಟ ಸ್ವಲ್ಪ ನೀವೇ ನೋಡಿ.”

ಕಾಯುವ ಹೊತ್ತು ಅಳೆಯುವ ಕೆಲಸ ಜಯಪ್ರಕಾಶರ ಮಗಳು ವೀಕ್ಷಾಳದ್ದು. ಎಂಜಿನಿಯರಿಂಗ್ ಓದುತ್ತಿದ್ದ ಹುಡುಗಿ ಮೊಬೈಲು ಹಿಡಿದು ಲಿಫ್ಟಿನ ಮುಂದೆ ನಿಂತಿದ್ದಳು. ಮೇಲಿನ ಮಹಡಿಯ ಸೋರಿಕೆ ನೋಡಿಬರೋಣವೆಂದು ಸಿದ್ಧಲಿಂಗೇಶರು ಲಿಫ್ಟು ಹತ್ತಿದರು. ಸೋರಿಕೆ ಸೂತ್ರದಲ್ಲಿ ಇರಲಿಲ್ಲ. ದೊಡ್ಡವರು ಬಂದರೆ ಏನಾದರೂ ನೋಡಬೇಕಲ್ಲ ಎಂದು ಹತ್ತಿದ್ದು, ಅಷ್ಟೆ. ಎರಡನೇ ಮಹಡಿ ದಾಟಿದ್ದೇ ತಡ, ಲಿಫ್ಟು ಗಕ್ಕನೆ ನಿಂತು ದೀಪ ಆರಿತು. ಕೆಳಗೆ ಚಂದು ಮೇನ್ ಸ್ವಿಚ್ಚು ಆರಿಸಿದ್ದ.

“ಲೇ, ಯಾರದೀರಿ! ತಗೀರೋ!” ಎಂದು ಒಳಗಿನಿಂದ ಬಾಗಿಲು ಬಡಿದರು.

“ಟೆನ್ಷನ್ ಆಗ್ಬೇಡಿ ಸಾರ್,” ಕೆಳಗಿನಿಂದ ಚಂದುವಿನ ದನಿ ಬಂತು. “ನಮ್ಮ ಲಿಫ್ಟು ದಿನಾ ಇಪ್ಪಡಿದಾನ್! ಹೀಗೇ ನಿಂತುಬಿಡುತ್ತೆ!”

ಕತ್ತಲಲ್ಲಿ ಬೆವರು ಸುರಿಯುತ್ತಿದ್ದಾಗ ಸಿದ್ಧಲಿಂಗೇಶರಿಗೆ ತಮ್ಮ ಜಿಲ್ಲೆಗಳೆಲ್ಲ ನೆನಪಾದವು. ಕರೆಂಟಿಲ್ಲದ ಮನೆ ಶೇಕಡಾ ಇಷ್ಟು ಎಂದು ಎಷ್ಟು ಸಲ ಬರೆದಿಲ್ಲ! ಬರೆದು, ಕ್ಯಾಂಟೀನಿಗೆ ಹೋಗಿ ಬೋಂಡಾ ತಿಂದು ಬರುತ್ತಿದ್ದರು. ಒಂದು ದಿನ ತಾನೂ ಆ ಶೇಕಡಾದೊಳಗೆ ಸೇರುತ್ತೇನೆಂದು ಅಂದುಕೊಂಡಿರಲಿಲ್ಲ. ತಾನು ಎಂಥ ಪಂಡಿತ ಎಂದು ಕತ್ತಲಲ್ಲೇ ನಗು ಬಂತು.

ಹೊರಗೆ ಬರುವಷ್ಟರಲ್ಲಿ ಅವರ ಅಂಗಿ ಒಗೆದು ಹಿಂಡದೆ ಹಾಕಿಕೊಂಡ ಹಾಗಿತ್ತು. ಕೆಳಗೆ ಎ ಬ್ಲಾಕಿನ ಸಂಸಾರಗಳೆಲ್ಲ ಕೈಚೀಲ ಹಿಡಿದು ಲಿಫ್ಟಿಗಾಗಿ ಸಾಲುಗಟ್ಟಿ ನಿಂತಿದ್ದವು. ವೀಕ್ಷಾ ಒಬ್ಬೊಬ್ಬರ ಹೊತ್ತನ್ನೂ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದಳು.

ಬಿ ಬ್ಲಾಕಿನವರದು ಬೇರೆ ದಾರಿ. ಬೆಳಗಾಗುವುದರೊಳಗೆ ರಾಶಿ ರಾಶಿ ದೂರು ಕೊಟ್ಟಿದ್ದರು. ನಲ್ಲಿಯಲ್ಲಿ ನೀರು ವಿಪರೀತ ಜೋರಾಗಿ ಬರುತ್ತದೆ ಎಂಬುದೂ ಅದರಲ್ಲೊಂದು. ಡಿ ಬ್ಲಾಕಿನವರು ಅದನ್ನೇ ನಕಲು ಮಾಡಿದ್ದರು, ಬ್ಲಾಕಿನ ಹೆಸರು ಬದಲಿಸುವುದನ್ನು ಮರೆತು.

ಕೊನೆಗೆ ಸಿ ಬ್ಲಾಕಿಗೆ ಬಂದ ಸಿದ್ಧಲಿಂಗೇಶರು ಹೌಹಾರಿದರು. ಬಾಗಿಲಲ್ಲಿ ಮಾವಿನ ತೋರಣ. ಮೆಟ್ಟಿಲು ಮೆಟ್ಟಿಲಿಗೂ ರಂಗೋಲಿ. ಗೋಡೆಯ ಪಾನ್ ಕಲೆಯನ್ನೂ ಯಾರೋ ಉಜ್ಜಿ ತೆಗೆದಿದ್ದರು. ಮೂರನೇ ಮಹಡಿಯಲ್ಲಿ ಸುವರ್ಣಮ್ಮ ಹೋಳಿಗೆ ತಟ್ಟೆಗಳೊಂದಿಗೆ ಕಾದು ಕುಳಿತಿದ್ದರು. ಮಹಡಿ ಮಹಡಿಯ ಹೆಂಗಸರನ್ನೆಲ್ಲ ಬೆಳಿಗ್ಗೆಯೇ ಕುಳಿತಲ್ಲಿಂದಲೇ ಫೋನು ಮಾಡಿ ಎಬ್ಬಿಸಿ ಕೆಲಸಕ್ಕೆ ಹಚ್ಚಿದ್ದು ಅವರೇ.

“ಏನವ್ವಾ ಇದು? ನಾವು ಹಿಂದುಳಿದವರು ಅಂತ ತೋರಿಸ್ಬೇಕಾಗಿತ್ತು!”

“ಹಿಂದುಳದ್ರ ಏನಾತು? ಮನಿಗೆ ಬಂದವರು ಮೂಗು ಮುಚ್ಚಿಕೊಂಡು ಹೋಗಬೇಕೇನು? ಮೊದಲ ಎಲ್ಲಾರಿಗೂ ತುಪ್ಪ ಹಾಕು.”

ಜಯಪ್ರಕಾಶ್ ಎರಡನೇ ಹೋಳಿಗೆ ಮುಗಿಸಿ ಬೆರಳು ನೆಕ್ಕಿದರು. “ಇದು ಹಿಂದುಳಿದ ಬ್ಲಾಕ್ ಅಂದ್ರೆ ಯಾರು ನಂಬ್ತಾರೆ ಮಾರಾಯ್ರೆ?”

“ಸೂತ್ರ ನಂಬ್ತದ್ರಿ,” ಎಂದರು ಸಿದ್ಧಲಿಂಗೇಶರು. ಹೇಳಿದ ಮೇಲೆ ಅವರಿಗೇ ಧೈರ್ಯ ಬಂತು. ಸೂತ್ರಕ್ಕೆ ರಂಗೋಲಿ ಕಾಣುವುದಿಲ್ಲ, ತುಪ್ಪದ ವಾಸನೆ ಹತ್ತುವುದಿಲ್ಲ. ಅದರ ಹೆಚ್ಚುಗಾರಿಕೆಯೇ ಅದು.

“ನಾಳೆ ಲಿಫ್ಟಿನವ ಬರ್ತಾನಲ್ಲಪಾ? ಗುರುವಾರ ಶಿಲ್ಪಾಗ ನಾನ ಮೊದಲು ಉಡಿ ತುಂಬಬೇಕು,” ಎಂದು ತಾಯಿ ಮೆಲ್ಲಗೆ ಕೇಳಿದರು.

“ಬಂದ ಅಂತನ ತಿಳಕೋ,” ಎಂದರು ಮಗ.

ಸಂಜೆ ಎಲ್ಲರೂ ಕೆಳಗೆ ಸೇರಿದರು. ವೀಕ್ಷಾ ಲ್ಯಾಪ್‌ಟಾಪು ನೋಡಿ ಓದಿದಳು. ಅತ್ಯಂತ ಹಿಂದುಳಿದ ಬ್ಲಾಕು, ಎ. ಅತ್ಯಂತ ಮುಂದುವರಿದ ಬ್ಲಾಕು, ಸಿ.

ಸಿದ್ಧಲಿಂಗೇಶರು ಕುಳಿತಲ್ಲಿಂದ ಹಾರಿ ಎದ್ದರು. “ಏನಿದು? ನಮ್ಮ ಲಿಫ್ಟ್ ಕೆಟ್ಟು ಆರು ತಿಂಗಳಾತು!”

“ಅಂಕಲ್, ಸಿ ಬ್ಲಾಕ್ ಲಿಫ್ಟ್ ಮುಂದೆ ಒನ್ ಅವರ್ ನಿಂತಿದ್ದೆ. ಯಾರುಮೇ ವರಲ್ಲೆ, ಒಬ್ಬರೂ ಬರ್ಲಿಲ್ಲ. ವೇಟಿಂಗ್ ಟೈಮ್ ಝೀರೋ.”

“ಕೆಟ್ಟ ಲಿಫ್ಟಿನ ಮುಂದ ಯಾರು ಬಂದು ನಿಲ್ತಾರವ್ವಾ!”

“ಕಂಪ್ಲೇಂಟ್ಸೂ ಝೀರೋ.”

ಅದೂ ನಿಜವೇ. ಕೊಟ್ಟು ಕೊಟ್ಟು ಬೇಸತ್ತು ಸಿ ಬ್ಲಾಕಿನವರು ದೂರು ಕೊಡುವುದನ್ನೇ ಬಿಟ್ಟಿದ್ದರು.

“ಎ ಬ್ಲಾಕ್ ಟೋಟಲ್‌ನಲ್ಲಿ ನೀವು ಒಳಗೆ ಸಿಕ್ಕಿಕೊಂಡಿದ್ದ ಟೈಮೂ ಸೇರಿದೆ ಅಂಕಲ್. ನೀವಿಲ್ಲದಿದ್ರೆ ಬಿ ಬ್ಲಾಕೇ ವಿನ್ ಆಗ್ತಿತ್ತು.”

ಸೂತ್ರದಲ್ಲೇ ದೋಷವಿದೆ, ತಿದ್ದಬೇಕು ಎಂದು ಸಿದ್ಧಲಿಂಗೇಶರು ಕೂಗಿದರು. ಜಯಪ್ರಕಾಶ್ ಕೈಮುಗಿದರು. “ಅಳತೆ ಆದ ಮೇಲೆ ಮುಟ್ಟುವ ಹಾಗಿಲ್ಲ ಅಂತ ಹೇಳಿದ್ದು ನೀವೇ ಅಲ್ವಾ? ನಮ್ಮದು ಎಂತ ಉಂಟು ಇದ್ರಲ್ಲಿ?” ಅಷ್ಟರಲ್ಲಿ ಚಂದು ಬಟ್ಟೆ ಸುತ್ತಿದ ಕಾಲಿನಲ್ಲೇ ಓಡಿ ಬಂದು ಅವರನ್ನು ಅನಾಮತ್ತಾಗಿ ಎತ್ತಿ ಒಂದು ಸುತ್ತು ಕುಣಿಸಿದ. ಎ ಬ್ಲಾಕಿನವರೆಲ್ಲ ಚಪ್ಪಾಳೆ ತಟ್ಟಿದರು.

ಸಿದ್ಧಲಿಂಗೇಶರು ಮೂರು ಮಹಡಿ ಹತ್ತಿದರು. ಬಾಗಿಲಲ್ಲೇ ತಾಯಿ ಕೇಳಿದರು, “ಚಪ್ಪಾಳಿ ಕೇಳಿಸ್ತು. ಫಸ್ಟ್ ಬಂದಿವೇನೋ?”

“ಹೌದವ್ವಾ. ಅದಕ್ಕ ಲಿಫ್ಟ್ ಇಲ್ಲ.”

ಕಾಯುವುದು, ದೂರು, ಸೊನ್ನೆ ಎಲ್ಲವನ್ನೂ ಬಿಡಿಸಿ ಹೇಳಿದರು. ಸರ್ಕಾರಕ್ಕೆ ಹೇಳುವಾಗ ಎಂದೂ ತಡವರಿಸದ ನಾಲಿಗೆ ಈಗ ತಡವರಿಸಿತು. ಸುವರ್ಣಮ್ಮ ಪೂರಾ ಕೇಳಿಸಿಕೊಂಡರು.

“ಹಂಗಾರ ನಿನ್ನ ಲೆಕ್ಕದಾಗ ಆರು ತಿಂಗಳು ನಾ ಕಾದೇ ಇಲ್ಲೇನಪಾ?”

ಸಿದ್ಧಲಿಂಗೇಶರಿಗೆ ನಾಚಿಕೆಯಾಯಿತು. ಮುದುಕಿ ಗೋಡೆ ಹಿಡಿದು ಮೆಲ್ಲಗೆ ಎದ್ದು ಹೊರಗೆ ಬಂದರು.

“ಲಿಫ್ಟಿನ ಮುಂದ ಕುರ್ಚಿ ಹಾಕು, ಕೂಡ್ತೀನಿ. ಮತ್ತ ಅಳತಿ ಮಾಡಾಕ ಬಂದ್ರ, ಕಾಯೋರು ಒಬ್ಬರರೆ ಕಣ್ಣಿಗೆ ಬೀಳಬೇಕಲ್ಲ.”

ದಾಕ್ಷಾಯಿಣಿ ಒಳಗಿನಿಂದ ಕುರ್ಚಿ ತಂದು ಹಾಕಿದಳು. ಗಂಡನ ಮುಖ ನೋಡಿ, ಮತ್ತೆ ಹೋಗಿ ಇನ್ನೊಂದನ್ನೂ ತಂದು ಹಾಕಿದಳು.