ಸೈಟು ತೆರವು ಮಾಡಿಕೊಡುವಂತೆ ಹೊಳೆಗಳಿಗೆ

ಇಂದ:
ದೊಡ್ಡಸಿದ್ದಯ್ಯ, ಭೂಮಾಲೀಕರು,
(ಹಾಲಿ ವಾಸ: ಸ್ವಂತ ಮನೆಯ ಜಗಲಿ)
ಹೆಮ್ಮರಗಾಲ, ನಂಜನಗೂಡು ತಾಲ್ಲೂಕು.

ಗೆ:
ಶ್ರೀಮತಿ ಕಾವೇರಮ್ಮನವರು ಹಾಗೂ ಶ್ರೀಮತಿ ಕಪಿಲಮ್ಮನವರು,
ಸಂಗಮ, ತಿ. ನರಸೀಪುರ.

ವಿಷಯ: ಅರ್ಜಿದಾರನ ಸೈಟಿನ ಮೇಲೆ ತಾವು ಅನುಮತಿಯಿಲ್ಲದೆ ಹರಿಯುತ್ತಿರುವ ಬಗ್ಗೆ.

ಉಲ್ಲೇಖ: ಅರ್ಜಿದಾರನ ಪತ್ನಿ ಚನ್ನಬಸಮ್ಮನವರ ಮೌಖಿಕ ಆದೇಶ, ಶ್ರಾವಣ ಸೋಮವಾರ, 1998, ತೆಪ್ಪದ ಮೇಲಿಂದ.

ಮಾನ್ಯರೇ,

1. ಅರ್ಜಿದಾರನು ಸಾಮಾನ್ಯನಲ್ಲ. ಮಣ್ಣು ಮೂಸಿಯೇ ಬೆಲೆ ಹೇಳಬಲ್ಲವನೆಂದು ಕಪಿಲೆಯ ಎರಡೂ ದಡದಲ್ಲಿ ಹೆಸರಾದವನು; ಎರಡೂ ದಡಕ್ಕೆ ಹಾಗೆಂದು ತಿಳಿಸಿದವನೂ ಅವನೇ. ಆದರೆ ಸೈಟು ವ್ಯವಹಾರಕ್ಕೆ ಕೈಹಾಕಿದ್ದು ಇದೇ ಮೊದಲು. ಬಂಡವಾಳಕ್ಕಾಗಿ ಚನ್ನಬಸಮ್ಮನವರು ತವರಿನಿಂದ ತಂದ ಎರಡು ಕರೆಯುವ ಎಮ್ಮೆಗಳನ್ನು ಮಾರಲಾಯಿತು. "ವರ್ಸ ತುಂಬೋದ್ರೊಳ್ಗೆ ಹಿಂಡನ್ನೇ ತಂದು ಕಟ್ತೀನಿ ಕಣಮ್ಮಿ" ಎಂದು ಭರವಸೆ ನೀಡಲಾಗಿತ್ತು.

2. ಕಳೆದ ಮಾಘದ ಕುಂಭಮೇಳಕ್ಕೆ ಮೀಯಲು ಬಂದ ಅರ್ಜಿದಾರನು, ಹೊಳೆಯ ಮರಳಿನ ಮೇಲೆ ಸುಣ್ಣದ ಗೆರೆ ಎಳೆದು ಸಾಲುಸಾಲಾಗಿ ಜಾಗ ವಿಂಗಡಿಸಿದ್ದನ್ನು ಕಂಡನು. ಪಕ್ಕದಲ್ಲೇ ರಂಗನಾಯಕನೆಂಬ ಬ್ರೋಕರ್ ಸಿದ್ಧನಿದ್ದನು.

"ನೋಡಿ ಸಾ, ಕರೆಂಟ್ ಕಂಬ, ನಲ್ಲಿ, ಎದುರ್ಗೇ ಪೋಲೀಸ್ ಚೌಕಿ. ಮೈಸೂರಲ್ಲೂ ಇಂತಾ ಲೇಔಟ್ ಇಲ್ಲ ಕಣ್ ಸಾ."

"ಮುಂದಕ್ಕೆ ನೀರಿಗೇನೂ ತೊಂದ್ರೆ ಇಲ್ವೇನ್ಲಾ?"

"ನೀವು ಬ್ಯಾಡ ಅಂದ್ರೂ ಬತ್ತದೆ ಸಾ."

ಸುತ್ತಲೂ ಲಕ್ಷಾಂತರ ಜನ. ಇವರಲ್ಲಿ ಅರ್ಧದಷ್ಟು ಮಂದಿಯಾದರೂ ಸೈಟು ನೋಡಲು ಬಂದವರೇ ಇರಬೇಕೆಂದು ಮನಗಂಡ ಕಾರಣ, ಅರ್ಜಿದಾರನು ತಡಮಾಡದೆ ಮೂಲೆ ಸೈಟನ್ನೇ ಹಿಡಿದನು.

3. ಮೇಳ ಮುಗಿದೊಡನೆ ಕಂಬ, ನಲ್ಲಿ, ಚೌಕಿ, ರಂಗನಾಯಕ, ಎಲ್ಲರೂ ಜಾಗ ಖಾಲಿ ಮಾಡಿದರು. ಆ ಗೆರೆಗಳು ಮೇಳದ ಡೇರೆಗಳಿಗಾಗಿ ಎಳೆದವೆಂದು ಜನ ಹೇಳಿದರು. ಅದು ಹೊಟ್ಟೆಕಿಚ್ಚೆಂದು ಅರ್ಜಿದಾರನು ದಾಖಲಿಸಿಕೊಂಡನು. ಮಳೆಗಾಲದಲ್ಲಿ ತಾವಿಬ್ಬರೂ ಒಟ್ಟಿಗೇ ದಯಮಾಡಿಸಿದಿರಿ.

4. ಇದನ್ನರಿಯದ ಚನ್ನಬಸಮ್ಮನವರು ಸೈಟಿನ ಪೂಜೆಗೆಂದು ಗುದ್ದಲಿ, ತೆಂಗಿನಕಾಯಿ ಸಮೇತ ಬಂದರು. ಅರ್ಜಿದಾರನು ಬೆರಳು ತೋರಿಸಿದ ಕಡೆಗೆ ತೆಪ್ಪ ನಡೆಸಿದ ಚಿಕ್ಕಮಾದು, ಬಿದಿರ ಗಳವನ್ನು ನೀರಿಗೆ ಇಳಿಬಿಟ್ಟು ನೋಡಿ ಹೇಳಿದನು: "ಅಕ್ಕಾ, ಸೈಟ್ ಐತೆ. ಎಲ್ಡಾಳು ಕೆಳಗೈತೆ."

ಚನ್ನಬಸಮ್ಮನವರು ಗುದ್ದಲಿಗೇ ಕಾಯಿ ಒಡೆದರು. "ನೀರಿನ ಅನುಕೂಲ ಐತೆ ಅಂದಿದ್ರಿ, ಸುಳ್ಳಲ್ಲ ಬುಡಿ. ನನ್ನ ಎಮ್ಮೆ ಇದ್ದಿದ್ರೆ ಸಂದಾಕೆ ಈಜಾಡೋವು. ಸ್ವಂತ ಸೈಟ್‌ನೋರು ನೀವು, ನಮ್ಮನೇಲಿ ಯಾಕೆ ಮಲಗೀರಿ?"

ಅಂದಿನಿಂದ ಜಗಲಿ. ಕಾಫಿ ಬರುತ್ತದೆ, ಹಾಲಿಲ್ಲದೆ.

ಆದ್ದರಿಂದ, ತಾವು ಒಂದು ಬೆಳಗಿನ ಮಟ್ಟಿಗಾದರೂ ಅತ್ತಿತ್ತ ಸರಿದು, ಸದರಿ ಸೈಟನ್ನು ಚನ್ನಬಸಮ್ಮನವರಿಗೆ ಖುದ್ದು ತೋರಿಸಿಕೊಡಬೇಕಾಗಿ ಕೋರಿಕೆ.

ತಮ್ಮ ತಳಭಾಗದ ಮಾಲೀಕ ಹಾಗೂ ವಿಶ್ವಾಸಿ,
ದೊಡ್ಡಸಿದ್ದಯ್ಯ

ಅಡಕ: ಕ್ರಯಪತ್ರ (ಒದ್ದೆ), ಸೈಟಿನ ಮರಳು ಒಂದು ಚಿಟಿಕೆ (ಮೂಸಿ ದೃಢೀಕರಿಸಿದ್ದು), ತೆಂಗಿನಕಾಯಿಯ ಅರ್ಧ ಹೋಳು.

ಪ್ರತಿ: ಸ್ಫಟಿಕ ಸರೋವರ. ಸಂಗಮದಲ್ಲಿ ಗುಪ್ತವಾಗಿ ಸೇರುವ ಮೂರನೆಯವರು; ಕಣ್ಣಿಗೆ ಕಾಣದಿದ್ದರೂ ಮುಳುಗಿಸುವಲ್ಲಿ ಪಾಲಿರುವ ಕಾರಣ.

ವಿ.ಸೂ.: ಮೇಲ್ಕಂಡ ಕೋರಿಕೆ ಈಡೇರದ ಪಕ್ಷದಲ್ಲಿ, ಪ್ರವಾಹದಲ್ಲಿ ತೇಲಿಬರುವ ಎಮ್ಮೆಗಳ ಪೈಕಿ ಜೀವವಿರುವ ಎರಡನ್ನು ಹೆಮ್ಮರಗಾಲಕ್ಕೆ ತಲುಪಿಸುವುದು. ಚನ್ನಬಸಮ್ಮನವರು ಅವುಗಳಿಗಾದರೆ ಬಾಗಿಲು ತೆಗೆಯುತ್ತಾರೆ. ಹಿಂದೆಯೇ ಅರ್ಜಿದಾರನೂ ತಲೆ ತಗ್ಗಿಸಿ ಒಳಗೆ ಹೋಗತಕ್ಕದ್ದು.