ದೇವರ ಜಗಲಿಯ ಡಬ್ಬಿ

ನಾನು ಕಣ್ಣಿಗೆ ಕಾಣದ್ದನ್ನು ಹುಡುಕುವ ಮನುಷ್ಯ. ಕಣ್ಣೆದುರಿಗೆ ಇರುವುದು ನನಗೆ ಕಾಣುವುದಿಲ್ಲ ಎಂದು ಹೆಂಡತಿ ಮೊದಲಿನಿಂದಲೂ ಹೇಳುತ್ತ ಬಂದಿದ್ದಾಳೆ. ಈಚೆಗೆ ಅದನ್ನು ಒಪ್ಪಿಕೊಂಡಿದ್ದೇನೆ.

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ರಸಾಯನಶಾಸ್ತ್ರ ಕಲಿಸುವವನು ನಾನು. ತಲೆ ನೆರೆತ ಮೇಲೆ ಪಿಎಚ್.ಡಿ. ಹುಚ್ಚು ಹತ್ತಿತು. ಎರಡು ಬೇರೆ ಬೇರೆ ವಸ್ತುಗಳು ಒಂದೇ ಹರಳಿನಲ್ಲಿ ಕೂಡಿಕೊಂಡಾಗ ಅವನ್ನು ಹಿಡಿದಿಡುವುದು ನಡುವಿನ ಒಂದು ಹೈಡ್ರೋಜನ್. ಅದು ಯಾರ ಕಡೆಗೆ ಎಷ್ಟು ವಾಲಿದೆ ಎಂಬುದನ್ನು ದೊಡ್ಡ ಅಯಸ್ಕಾಂತದ ಎನ್‌ಎಂಆರ್ ಯಂತ್ರ ಹೇಳುತ್ತದೆ. ಯಂತ್ರ ಇರುವುದು ಬೆಂಗಳೂರಿನಲ್ಲಿ, ಬಿಸಿಲು ಇರುವುದು ನಮ್ಮಲ್ಲಿ. ಹರಳು ನಿಧಾನವಾಗಿ ಬೆಳೆಯಬೇಕು. ನಮ್ಮೂರ ಸೆಕೆಗೆ ದ್ರಾವಣ ಒಂದೇ ದಿನಕ್ಕೆ ಆರಿ ಹೋಗುತ್ತಿತ್ತು. ವರ್ಷವಿಡೀ ಒದ್ದಾಡಿ ಎರಡು ಚಮಚದಷ್ಟು ಹರಳು ಮಾಡಿ, ಯಂತ್ರಕ್ಕೆ ಬೇಕಾದಂತೆ ನುಣ್ಣಗೆ ಅರೆದೆ.

ಯಂತ್ರದ ಸರದಿಗೆ ಇನ್ನೂ ಇಪ್ಪತ್ತು ದಿನವಿತ್ತು. ಪುಡಿಯನ್ನು ತಂಪಾದ ಕಡೆ ಇಡಬೇಕು. "ಫ್ರಿಜ್‌ನ್ಯಾಗ ನಿಮ್ಮ ಔಷಧ ಇಟ್ರ ನಾ ಹಾಲು ಹೊರಗ ಇಡ್ತೇನಿ ನೋಡ್ರಿ" ಎಂದಳು ಹೆಂಡತಿ. ಕೊನೆಗೆ ಒಂದು ಸ್ಟೀಲ್ ಡಬ್ಬಿಗೆ ಹಾಕಿ ದೇವರ ಜಗಲಿಯ ಮೇಲೆ ಇಟ್ಟೆ. ಮನೆಯಲ್ಲಿ ಯಾರೂ ಕೈಹಾಕದ ತಂಪು ಜಾಗ ಅದೊಂದೇ. ಯಾರೂ ಎಂದರೆ ನಾನು ಎಂಬುದು ಆಗ ಹೊಳೆಯಲಿಲ್ಲ.

ದಿನ ಬಂದಾಗ ಡಬ್ಬಿಯ ಪುಡಿಯನ್ನು ಸೀಸೆಗೆ ತುಂಬಿ ಕಳಿಸಿದೆ. ವಾರದ ಮೇಲೆ ಅಲ್ಲಿಯ ತಂತ್ರಜ್ಞ ಫೋನ್ ಮಾಡಿದ: "ಏನೂ ಸಿಗ್ನಲ್ ಬರ್ತಿಲ್ಲ ಸಾರ್. ಬೂದಿ ಥರ ಇದೆ." ಬೈದನೆಂದುಕೊಂಡೆ. ನನ್ನ ವಾದವೇ ತಪ್ಪೆಂದುಕೊಂಡೆ. ಪಿಎಚ್.ಡಿ. ನೋಂದಣಿಯ ಅವಧಿ ಆ ತಿಂಗಳಿಗೇ ಮುಗಿಯುತ್ತಿತ್ತು, ಮತ್ತೆ ಸರದಿ ಸಿಗುವಂತಿರಲಿಲ್ಲ. ಅನ್ನ ಸೇರಲಿಲ್ಲ. ಪ್ರಬಂಧದ ಕಟ್ಟನ್ನು ಅಟ್ಟಕ್ಕೆ ಹಾಕಿದೆ.

ಮರುದಿನ ಅಪ್ಪ ಪೂಜೆ ಮುಗಿಸಿ ಬಂದು ಪಕ್ಕದಲ್ಲಿ ಕುಳಿತ. ಕೈ ನಡುಗುವುದರಿಂದ ಅವನಿಗೆ ವಿಭೂತಿ ಗಟ್ಟಿ ತೇಯಲು ಆಗುವುದಿಲ್ಲ, ಪುಡಿಯೇ ಬೇಕು.

"ಆ ನುಣ್ಣನ್ನ ವಿಭೂತಿ ಎಲ್ಲಿ ತಂದಿದ್ದೆಪಾ? ಹಣಿಗೆ ಭಾಳ ತಂಪಿತ್ತು. ತೀರಿ ಹೋತು. ಡಬ್ಬಿ ಬರಿದ ಇಡಬಾರ್ದಂತ ನಮ್ಮ ಹಳೇದನ್ನ ತುಂಬಿಟ್ಟಿದ್ದೆ. ಅದೂ ಈಗ ಇಲ್ಲ ನೋಡು."

ಅಪ್ಪ ಮತ್ತೆ ಮೆಲ್ಲಗೆ ಅಂದ: "ದೇವ್ರು ದಿಂಡ್ರು ಅಂದ್ರ ನಗಾಡಾಂವ ನೀ. ನನ್ನ ಸಲುವಾಗಿ ತಂದಿಟ್ಟಿ ಅಂತ ನಾ ಎಲ್ಲಾರ ಮುಂದ ಹೇಳೇನಿ. ಇನ್ನೊಂದೀಟು ತರ್ತಿಯೇನು?"

"ತರ್ತೇನಪಾ" ಎಂದೆ.

ಪುಡಿ ತೀರುವವರೆಗೂ ನನ್ನ ಸಂಶೋಧನೆ ಅಪ್ಪನ ಹಣೆಯ ಮೇಲೆ ಮೂರು ಗೆರೆಯಾಗಿ ಕುಳಿತಿತ್ತು. ದಿನಕ್ಕೆ ಎರಡು ಹೊತ್ತು ಅವನ ಎದುರಿಗೇ ಕುಳಿತು ಉಂಡಿದ್ದೇನೆ. ಒಂದು ದಿನವೂ ಮುಖವೆತ್ತಿ ಅವನನ್ನು ನೋಡಿರಲಿಲ್ಲ.