ಕುತ್ತಿಗೆ ನಿಲ್ಲದ ಕ್ಯಾಮೆರಾ

ಇಬ್ಬರ ನಡುವೆ ನಿಂತು ಮಾತು ದಾಟಿಸುವುದು ನನ್ನ ಕಸುಬು. ತಿಪಟೂರಿನಲ್ಲಿ ನನ್ನದೊಂದು ಕೊಬ್ಬರಿ ಮಂಡಿ ಇದೆ. ಶೆಟ್ಟಿಕೆರೆ ಕಡೆಯಿಂದ, ನೊಣವಿನಕೆರೆ ಕಡೆಯಿಂದ ರೈತರು ಚೀಲ ತಂದು ಇಳಿಸುತ್ತಾರೆ. ಕೊಳ್ಳುವವನು ಉತ್ತರದ ಯಾವುದೋ ಊರಿನಲ್ಲಿ ಫೋನ್ ಹಿಡಿದು ಕೂತಿರುತ್ತಾನೆ. ರೈತ ಅಂದದ್ದನ್ನು ಅಂದ ಹಾಗೆಯೇ ಕೊಳ್ಳುವವನಿಗೆ ಮುಟ್ಟಿಸಿದರೆ ವ್ಯಾಪಾರ ಅಲ್ಲಿಗೇ ಮುರಿದು ಬೀಳುತ್ತದೆ. ಕೊಳ್ಳುವವನು ಅಂದದ್ದನ್ನು ಅಂದ ಹಾಗೆಯೇ ರೈತನಿಗೆ ಮುಟ್ಟಿಸಿದರೆ ನನ್ನ ಮೂಳೆಯೂ ಮುರಿದೀತು. ಆದ್ದರಿಂದ ಒಂದಿಷ್ಟು ತೆಗೆದು, ಒಂದಿಷ್ಟು ಸೇರಿಸಿ, ಮಾತಿನ ಬಿಸಿ ಆರಿಸಿ ಆಚೆಗೆ ದಾಟಿಸುತ್ತೇವೆ. ಇದನ್ನು ಸುಳ್ಳು ಎಂದು ಕರೆಯುವ ರೂಢಿ ನಮ್ಮ ಪೇಟೆಯಲ್ಲಿ ಇಲ್ಲ. ಅಪ್ಪನೂ ಹೀಗೇ ಮಾಡುತ್ತಿದ್ದರು, ಅವರನ್ನು ಊರು ಇವತ್ತಿಗೂ ಸಾಧು ಮನುಷ್ಯ ಎಂದೇ ನೆನೆಯುತ್ತದೆ. ನಾನು ಮಾಡಿದ ತಪ್ಪೆಂದರೆ ಮಂಡಿಯ ಬಾಗಿಲು ಹಾಕಿದ ಮೇಲೂ ಈ ಕಸುಬನ್ನು ಬಿಡದೆ ಮನೆಯೊಳಗೂ ಮಾಡಿದ್ದು. ಅದು ನನಗೆ ತಿಳಿದದ್ದು ಒಂದು ವೆಬ್‌ಕ್ಯಾಮೆರಾ ಕೊಂಡ ಮೇಲೆ.

ನನ್ನ ತಂಗಿ ಗಿರಿಜೆಗೆ ಮೂರನೇ ವರ್ಷದಲ್ಲಿ ಒಂದು ಜ್ವರ ಬಂತು. ಜ್ವರ ಇಳಿಯಿತು, ಇಳಿಯುವಾಗ ಕಿವಿಯನ್ನು ಕರೆದುಕೊಂಡು ಹೋಯಿತು. ಅವ್ವ ಒಂದು ದಿನವೂ ಶಾಲೆಗೆ ಹೋದವಳಲ್ಲ, ಆದರೆ ಮಗಳಿಗಾಗಿ ಒಂದು ಕೈಭಾಷೆಯನ್ನೇ ಕಟ್ಟಿದಳು. ನಾನೂ ಅದರಲ್ಲಿ ಬೆಳೆದೆ. ಗಿರಿಜೆ ಹಾಸ್ಟೆಲ್ಲಿನಲ್ಲಿದ್ದುಕೊಂಡು ಏಳನೇ ಕ್ಲಾಸಿನವರೆಗೆ ಓದಿದಳು, ಅವಳಂತೆಯೇ ಕಿವಿ ಕೇಳದ ಬಸವರಾಜುವನ್ನು ಮದುವೆಯಾಗಿ ನಾಗಪುರಕ್ಕೆ ಹೋದಳು. ಅವನಿಗೆ ಅಲ್ಲಿಯ ಒಂದು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ. ಬಾಣಂತನಕ್ಕೆ ತವರಿಗೆ ಬಂದು ಐದು ತಿಂಗಳ ಮಗುವನ್ನು ಎತ್ತಿಕೊಂಡು ಹೊರಟವಳನ್ನು ಅವ್ವ ಆಮೇಲೆ ನೋಡಿರಲಿಲ್ಲ. ಫೋನ್ ಇದ್ದೂ ಪ್ರಯೋಜನವಿಲ್ಲ. ಗಿರಿಜೆಯ ಕಾಗದಗಳು ಮಂಡಿಯ ವಿಳಾಸಕ್ಕೆ ಬರುತ್ತಿದ್ದವು, ಓದಿ ಹೇಳುವವನು ನಾನು, ಉತ್ತರ ಬರೆಯುವವನೂ ನಾನು. ಅವ್ವನ ಕೈಯಲ್ಲಿ ಅಕ್ಷರವಿಲ್ಲ, ಗಿರಿಜೆಯ ಕಿವಿಯಲ್ಲಿ ಮಾತಿಲ್ಲ. ಮಧ್ಯಸ್ಥನಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು?

ಅವ್ವನಿಗೆ ಕ್ಯಾಮೆರಾದ ವಿಷಯ ಗೊತ್ತಾದದ್ದು ಇಮ್ತಿಯಾಜ್‌ನ ಮನೆಯಲ್ಲಿ. ಇಮ್ತಿಯಾಜ್ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದ, ಆಮೇಲೆ ಟೀವಿ, ಈಗ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. ಅವನ ತಾಯಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅಳತೆ ಕೊಡಲು ಹೋದ ಅವ್ವ, ಆ ತಾಯಿ ಗಲ್ಫಿನಲ್ಲಿರುವ ಹಿರಿಮಗನ ಮುಖವನ್ನು ಕಂಪ್ಯೂಟರಿನಲ್ಲಿ ನೋಡಿಕೊಂಡು, ಯಾಕೋ ಇಷ್ಟು ಸೊರಗಿದ್ದೀಯ ಎಂದು ಗದರುವುದನ್ನು ಕಂಡುಬಂದಳು. ಮನೆಗೆ ಬಂದವಳು ಊಟಕ್ಕೂ ಕೂರದೆ ಕೇಳಿದಳು, ನಮ್ಮ ಮನೆಯಲ್ಲೂ ಕಂಪ್ಯೂಟರ್ ಇದೆಯಲ್ಲ, ಅದಕ್ಕೆ ಯಾಕೆ ಕಣ್ಣಿಲ್ಲ ಎಂದು. ನಾನು ತಕ್ಷಣ ಒಪ್ಪಿಬಿಟ್ಟೆ. ನನ್ನ ಹೆಂಡತಿ ಸುಮಿತ್ರೆ ನನ್ನನ್ನು ಅನುಮಾನದಿಂದ ನೋಡಿದಳು, ಏಕೆಂದರೆ ನಾನು ಯಾವುದಕ್ಕೂ ತಕ್ಷಣ ಒಪ್ಪುವವನಲ್ಲ. ಅವಳ ಅನುಮಾನ ಸರಿಯಾಗಿಯೇ ಇತ್ತು. ಅದರ ಕಾರಣವನ್ನು ಸ್ವಲ್ಪ ಹೊತ್ತು ಬಿಟ್ಟು ಹೇಳುತ್ತೇನೆ, ನಾಚಿಕೆಯ ಮಾತು ಹೇಳಲು ನನಗೆ ಕೊಂಚ ಸಮಯ ಬೇಕು.

ಇಮ್ತಿಯಾಜ್ ಮೂರು ಡಬ್ಬಿ ತೆಗೆದು ಮುಂದಿಟ್ಟ. ಒಂದಕ್ಕೆ ಸುತ್ತಲೂ ಪುಟ್ಟ ದೀಪಗಳು, ಒಂದು ಬರೀ ಕಣ್ಣು, ಮತ್ತೊಂದಕ್ಕೆ ಒಳಗೇ ಮೈಕ್. ಮೆಗಾಪಿಕ್ಸೆಲ್ ಎಂದ, ಫೋಕಸ್ ತಿರುಗಿಸುವ ಬಳೆ ಎಂದ, ಸೆಕೆಂಡಿಗೆ ಇಷ್ಟು ಚಿತ್ರ ಎಂದ. ನನಗೆ ಒಂದೂ ತಲೆಗೆ ಹೋಗಲಿಲ್ಲ, ಆದರೆ ಪೇಟೆಯಲ್ಲಿ ಬೆಳೆದವನು ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳುವುದುಂಟೇ? ಮಾತು ಸ್ಪಷ್ಟವಾಗಿ ಕೇಳಬೇಕಪ್ಪ, ಮೈಕ್ ಇರುವುದನ್ನೇ ಕೊಡು ಎಂದು ಪಟ್ಟು ಹಿಡಿದೆ. ಇಮ್ತಿಯಾಜ್ ಗಿರಿಜೆಯನ್ನು ಚಿಕ್ಕಂದಿನಿಂದ ಬಲ್ಲವನು. ನನ್ನ ಮುಖವನ್ನೇ ನೋಡಿದ, ಮರ್ಯಾದೆಗೆ ಸುಮ್ಮನಾದ. ಕಿವಿ ಕೇಳದ ತಂಗಿಗಾಗಿ ಮೈಕ್ ಆರಿಸಿದ ಅಣ್ಣ ಈ ಮೂರು ತಾಲ್ಲೂಕಿನಲ್ಲಿ ನಾನೊಬ್ಬನೇ ಇರಬೇಕು.

ಮೈಕ್ ಇದ್ದ ಅದೇ ಬಗೆಯ ಇನ್ನೊಂದನ್ನೂ ಅವನು ಒಳಗಿನಿಂದ ತಂದಿಟ್ಟ. ಯಾವುದನ್ನು ತೆಗೆದುಕೊಳ್ಳುವುದು? ಇಲ್ಲಿ ನನ್ನ ಕೈ ನನ್ನನ್ನು ಕೇಳದೆ ಒಂದು ಕೆಲಸ ಮಾಡಿತು. ನಮ್ಮಲ್ಲಿ ಕಾಯಿಯನ್ನು ಅಟ್ಟದ ಮೇಲೆ ಒಂದು ವರ್ಷದ ಹತ್ತಿರ ಬಿಟ್ಟಿರುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗಬೇಕು. ಆಯಿತೋ ಇಲ್ಲವೋ ನೋಡಲು ಯಾರೂ ಕಾಯಿ ಒಡೆಯುವುದಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಗುಡುಗುಡು ಎಂದರೆ ಆಯಿತು, ಸುಮ್ಮನಿದ್ದರೆ ಇನ್ನೂ ಹಸಿ. ನಾನು ಎರಡು ಕ್ಯಾಮೆರಾಗಳನ್ನೂ ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಒಂದು ಸುಮ್ಮನಿತ್ತು. ಇನ್ನೊಂದು ಗುಡುಗುಡು ಎಂದಿತು.

“ಅಣ್ಣ, ಅದು ಕಾಯಲ್ಲ. ಒಳ್ಗೆ ಏನೋ ಬಿಟ್ಕೊಂಡೈತೆ, ಅದ್ ಬ್ಯಾಡ, ಇದ್ ತಗಳಿ” ಎಂದ ಇಮ್ತಿಯಾಜ್.

“ಬಿಟ್ಕೊಂಡಿರ್ಬೇಕು ಕಣಯ್ಯ” ಎಂದು ನಾನು ಗುಡುಗುಡು ಎಂದದ್ದನ್ನೇ ಕಟ್ಟಿಸಿಕೊಂಡು ಬಂದೆ. ಮೂವತ್ತು ವರ್ಷ ಕಿವಿಯಿಂದ ಸರಕು ಆರಿಸಿದವನಿಗೆ ರೇಡಿಯೋ ಬಿಚ್ಚುವವನು ಬುದ್ಧಿ ಹೇಳುವುದೇ ಎಂದು ದಾರಿಯುದ್ದಕ್ಕೂ ಒಳಗೊಳಗೇ ಹೆಮ್ಮೆಪಟ್ಟೆ.

ಮುಂದಿನ ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಕ್ಯಾಮೆರಾದ ಪ್ರತಿಷ್ಠಾಪನೆ ನಡೆಯಿತು. ಮಾನಿಟರಿನ ನೆತ್ತಿಗೆ ಸಿಕ್ಕಿಸಿದೆ. ನಮ್ಮ ಬೆನ್ನಿನ ಹಿಂದೆ ಕಿಟಕಿ ಇದ್ದದ್ದರಿಂದ ಅವ್ವನ ಮುಖ ಹಂಚಿನ ತಳದಷ್ಟು ಕಪ್ಪಾಗಿ ಕಂಡಿತು. ಮೇಜನ್ನು ತಿರುಗಿಸಿದರೆ ವೈರು ಸಾಲಲಿಲ್ಲ. ವೈರು ಸಾಲುವಷ್ಟು ಸರಿಸಿದರೆ ಅಡುಗೆಮನೆಯ ಬಾಗಿಲು ಮುಚ್ಚಿಹೋಯಿತು, ಸುಮಿತ್ರೆ ಒಳಗೇ ಉಳಿದಳು. ಕೊನೆಗೆ ಮೇಜನ್ನು ಮೊದಲಿನ ಜಾಗಕ್ಕೇ ಸರಿಸಿ, ಕಿಟಕಿಗೆ ಜಮಖಾನ ನೇತುಹಾಕಿ, ಟ್ಯೂಬ್‌ಲೈಟ್ ಹಾಕಿ, ಫೋಕಸ್ಸಿನ ಬಳೆಯನ್ನು ತಿರುಗಿಸಿ ತಿರುಗಿಸಿ ಅವ್ವನ ಹಣೆಯ ವಿಭೂತಿ ಮೂರು ಗೆರೆಯಾಗಿ ಕಾಣುವಂತೆ ಮಾಡಿದೆ. ಅತ್ತ ನಾಗಪುರದಲ್ಲಿ ಗಿರಿಜೆ ಮನೆಯ ಮಾಲೀಕರ ಕಂಪ್ಯೂಟರಿನ ಮುಂದೆ ಕೂತಿದ್ದಳು. ತೆರೆಯ ಮೇಲೆ ಮೊದಲು ಚೌಕ ಚೌಕವಾಗಿ ಏನೋ ಮೂಡಿತು, ಆಮೇಲೆ ಗಿರಿಜೆಯಾಯಿತು, ಅವಳ ತೊಡೆಯ ಮೇಲೆ ಒಂದೂವರೆ ವರ್ಷದ ನಂದೀಶ. ಅವ್ವ ಗಾಜನ್ನು ಬೆರಳಿನಿಂದ ಮುಟ್ಟಿದಳು. ನಾನು ಕಾರಣವಿಲ್ಲದೆ ಮೌಸನ್ನು ಅಲ್ಲಾಡಿಸುತ್ತಾ ಕೂತೆ.

ಅವ್ವ ಮತ್ತು ನಾನು ಪಕ್ಕಪಕ್ಕದಲ್ಲಿ ಕೂತಿದ್ದೆವು, ನಿಜ ಹೇಳಬೇಕೆಂದರೆ ಅವ್ವ ಪಕ್ಕದಲ್ಲಿದ್ದಳು, ನಾನು ನಡುವೆ ಇದ್ದೆ. ಇಬ್ಬರಿಗೂ ಕೈಭಾಷೆ ನನಗಿಂತ ಚೆನ್ನಾಗಿ ಬರುತ್ತದೆ. ಆದರೂ ಗಿರಿಜೆ ಏನಾದರೂ ಅಂದರೆ ನಾನು ಅವ್ವನ ಕಡೆ ತಿರುಗಿ ಬಾಯಲ್ಲಿ ಹೇಳುತ್ತಿದ್ದೆ, ಅವ್ವ ಕೈಯೆತ್ತುವ ಮೊದಲೇ ನಾನು ಉತ್ತರ ಕೊಡುತ್ತಿದ್ದೆ. ಅಷ್ಟರಲ್ಲಿ ಕ್ಯಾಮೆರಾ ಕುತ್ತಿಗೆ ಇಳಿಬಿಡಲು ಶುರುಮಾಡಿತು. ಒಳಗೆ ಗುಡುಗುಡು ಎಂದದ್ದು ಕತ್ತಿನ ತಿರುಪು. ತೆರೆಯ ಮೂಲೆಯ ಪುಟ್ಟ ಚೌಕದಲ್ಲಿ ನಮ್ಮದೇ ಚಿತ್ರ ಕಾಣುತ್ತಿತ್ತು, ಅದರಲ್ಲಿ ಮೊದಲು ನಮ್ಮ ತಲೆ ಹೋಯಿತು, ಆಮೇಲೆ ಗದ್ದ, ಆಮೇಲೆ ಭುಜ. ನಾನು ಎದ್ದು ಎತ್ತಿ ನಿಲ್ಲಿಸಿದೆ. ಮತ್ತೆ ಇಳಿಯಿತು. ಲಗ್ನಪತ್ರಿಕೆಯೊಂದನ್ನು ಮಡಿಸಿ ಸಂದಿಗೆ ತುರುಕಿದೆ, ಅದರ ಸಮೇತ ಇಳಿಯಿತು. ಮೂರನೇ ಸಲ ಎದ್ದಾಗ ಗಿರಿಜೆ ಅತ್ತಲಿಂದ ಎರಡೂ ಕೈ ಆಡಿಸಿ ತಡೆದಳು. ಹಾಗೇ ಇರಲಿ, ಮುಖ ಇದ್ದಾಗ ಅವ್ವನ ಕೈ ಕಾಣುತ್ತಿರಲಿಲ್ಲ, ಈಗ ಕೈ ಕಾಣುತ್ತಿದೆ ಎಂದಳು. ಇನ್ನೂ ಒಂದು ಮಾತು ಸೇರಿಸಿದಳು. ನಾಲ್ಕು ಕೈ ಇದ್ದರೆ ಗೊಂದಲ, ನಿನ್ನ ಎರಡನ್ನು ಆಚೆ ತೆಗೆ. ನನ್ನ ನಲವತ್ತೆರಡು ವರ್ಷದ ಬದುಕಿನಲ್ಲಿ ಮೊದಲ ಬಾರಿಗೆ ನನ್ನನ್ನು ನಡುವಿನಿಂದ ಎಬ್ಬಿಸಿ ಗೋಡೆ ಪಕ್ಕದ ಸ್ಟೂಲಿಗೆ ಕಳಿಸಲಾಯಿತು.

ಕೈ ಜೋರಾಗಿ ಆಡಿಸಿದರೆ ಚಿತ್ರ ಕಲಸಿಹೋಗುತ್ತಿದ್ದುದರಿಂದ ತಾಯಿ ಮಗಳು ನಿಧಾನವಾಗಿ ಮಾತಾಡತೊಡಗಿದರು. ಅವ್ವ ಕೈಯಾಡಿಸುವಾಗ ಬಾಯಲ್ಲೂ ಹೇಳುತ್ತಾಳೆ, ಅದು ಅವಳ ಹಳೆಯ ಅಭ್ಯಾಸ. “ನಂದೀಸಾ, ಬಾರೋ ನನ್ ಬಂಗಾರ” ಎಂದಳು. ತೆರೆಯಲ್ಲಿ ಮಗು ತಟ್ಟನೆ ತಲೆಯೆತ್ತಿತು. ಧ್ವನಿ ಎಲ್ಲಿಂದ ಬಂತೆಂದು ಸ್ಪೀಕರಿನ ಹಿಂದೆ ಹುಡುಕಿತು, ಮೇಜಿನ ಕೆಳಗೆ ಬಗ್ಗಿ ನೋಡಿತು, ಮತ್ತೆ ಬಂದು ಬಾಯಿ ತೆರೆದುಕೊಂಡು ಕಾಯುತ್ತಾ ನಿಂತಿತು. ಅದನ್ನು ನೋಡಿ ಎಲ್ಲರೂ ನಕ್ಕರು, ನಾನೊಬ್ಬ ನಗಲಿಲ್ಲ.

ಗಿರಿಜೆ ನಗುತ್ತಲೇ ಮೊಣಕಾಲು ಮುಟ್ಟಿ ತೋರಿಸಿ, ನೋವು ಈಗ ಹೇಗಿದೆ ಎಂದು ಕೇಳಿದಳು. ಅವ್ವ ತನ್ನ ಮೊಣಕಾಲನ್ನು ನೋಡಿಕೊಂಡಳು. ಯಾರ ನೋವು ಎಂದಳು. ನಾನು ಸ್ಟೂಲಿನಿಂದ ಅರ್ಧ ಎದ್ದೆ, ಸುಮಿತ್ರೆ ನನ್ನನ್ನು ನೋಡಿದಳು, ಕೂತೆ. ಗಿರಿಜೆ ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಮಗುವಿಗೆ ಕಿವಿ ಚೆನ್ನಾಗಿದೆ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಮನೆಯಲ್ಲಿ ಮಾತಾಡುವವರೇ ಇಲ್ಲ, ಅದು ಇನ್ನೂ ಒಂದು ಮಾತೂ ಆಡಿಲ್ಲ, ಆಡಿದರೂ ತನಗೆ ತಿಳಿಯುವ ಬಗೆ ಇಲ್ಲ. ಅವ್ವ ಆರು ತಿಂಗಳು ಬಂದಿದ್ದು ಅದರ ಕಿವಿಗೆ ಮಾತು ಹಾಕಲಿ ಎಂದು ತಾನು ಮೂರು ಕಾಗದ ಬರೆದದ್ದಾಯಿತು. ಅವ್ವನಿಗೆ ಮೊಣಕಾಲು ನೋವು, ಬರಲಾಗದು ಎಂದು ಮೂರು ಸಲವೂ ಉತ್ತರ ಬಂತು.

ಸ್ವಲ್ಪ ಹೊತ್ತು ಬಿಟ್ಟು ಹೇಳುತ್ತೇನೆ ಎಂದಿದ್ದೆನಲ್ಲ, ಇದೇ ಅದು. ಆ ಕಾಗದಗಳನ್ನು ನಾನು ಅವ್ವನಿಗೆ ಓದಿದ್ದು ಹೀಗೆ: ಎಲ್ಲರೂ ಚೆನ್ನಾಗಿದ್ದಾರಂತೆ, ಮಗು ಚೂಟಿಯಾಗಿದೆಯಂತೆ, ನಿನ್ನನ್ನು ಕೇಳಿದ್ದಾಳೆ. ಇಷ್ಟು ಓದಿ, ಪ್ರತಿ ಸಲವೂ ಕಾಗದವನ್ನು ಎರಡು ಮಡಿಕೆ ಮಾಡಿ ಎದೆಯ ಜೇಬಿಗೆ ಇಳಿಸಿಕೊಂಡಿದ್ದೆ. ಒಂದು ಅಕ್ಷರವೂ ಸುಳ್ಳಲ್ಲ, ಬರೀ ಚಿಕ್ಕದು ಮಾಡಿದ್ದೆ. ಸುಮಿತ್ರೆ ತುರುವೇಕೆರೆಯ ಶಾಲೆಯಲ್ಲಿ ಟೀಚರ್, ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಬರುವುದು ಸಂಜೆಗೆ. ಅಟ್ಟದ ಮೇಲಿನ ಕಾಯಿ ನೋಡುವವಳು ಅವ್ವ, ನಾನು ಬಂದಾಗ ಬಾಗಿಲು ತೆಗೆಯುವವಳು ಅವ್ವ. ಅವಳಿಲ್ಲದ ಮನೆಯಲ್ಲಿ ನಾನು ಒಂದು ವಾರವೂ ಇದ್ದವನಲ್ಲ. ಮೀಸೆ ನರೆತವನು ಇದನ್ನು ಬಾಯಿಬಿಟ್ಟು ಹೇಳಲಾದೀತೇ? ಕ್ಯಾಮೆರಾಕ್ಕೆ ತಕ್ಷಣ ಒಪ್ಪಿದ್ದೂ ಇದಕ್ಕೇ. ವಾರಕ್ಕೊಮ್ಮೆ ಮುಖ ನೋಡಿಕೊಂಡರೆ ಇಬ್ಬರಿಗೂ ಸಮಾಧಾನವಾಗಿ, ಹೋಗುವ ಮಾತು ತಾನೇ ಆರಿಹೋಗುತ್ತದೆ ಎಂದುಕೊಂಡಿದ್ದೆ.

ಅವ್ವ ನನ್ನ ಕಡೆ ತಿರುಗಿದಳು. “ಕಾಗದ್ದಾಗೆ ಇದಿತ್ತೇನ್ಲಾ?”

“ಇತ್ತವ್ವ.”

“ಮೂರ್ರಾಗೂ?”

“ಹೂಂ.”

ಅವಳು ಎದ್ದಳು, ಕುರ್ಚಿಯನ್ನು ಹಿಂದಕ್ಕೆ ತಳ್ಳಿದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕ್ಯಾಮೆರಾ ಅಷ್ಟರಲ್ಲಿ ಇನ್ನಷ್ಟು ಬಾಗಿ, ಸರಿಯಾಗಿ ಅವಳ ಮೊಣಕಾಲಿನ ಮಟ್ಟಕ್ಕೆ ಇಳಿದಿತ್ತು. ಅದರ ಮುಂದೆ ಅವ್ವ ಕುಕ್ಕರಗಾಲಿನಲ್ಲಿ ಕೂತು ಎದ್ದಳು. ಮತ್ತೊಮ್ಮೆ ಕೂತು ಎದ್ದಳು. ಅರವತ್ತಾರು ವರ್ಷದ ಹೆಂಗಸು, ದಿನಕ್ಕೆ ನಾಲ್ಕು ಸಲ ಅಟ್ಟದ ಏಣಿ ಹತ್ತುವವಳು. ನಾಗಪುರದಲ್ಲಿ ಗಿರಿಜೆ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಕಾಲ್ ಮುಗಿದ ಮೇಲೆ ಅವ್ವ ಜಮಖಾನ ತೆಗೆದು ಮಡಿಸುತ್ತಾ, ನನ್ನ ಮುಖ ನೋಡದೆ ಹೇಳಿದಳು: “ನಂಗೆ ಮೊಣಕಾಲ್ ನೋವು ಅಂತ ಬರ್ದೆ. ಆ ಮಗೀಗೆ ಮಾತೇ ಬರ್ದೆ ಹೋಗಿದ್ರೆ ಆಗೇನ್ ಬರೀತಿದ್ದೆ?”

ಹತ್ತು ದಿನದಲ್ಲಿ ಅವ್ವ, ಕರೆದೊಯ್ಯಲು ಬಂದ ಬಸವರಾಜು ಜೊತೆ ರೈಲು ಹತ್ತಿದಳು. ಮನೆಯಲ್ಲಿ ನಾನು ಅನ್ನಕ್ಕೆ ನೀರು ಎಷ್ಟಿಡಬೇಕೆಂದು ಕಲಿತೆ, ಅಟ್ಟ ಹತ್ತಿ ಕಾಯಿ ತಿರುವಿಹಾಕಿದೆ, ಇಳಿದಾಗ ನಿಜವಾದ ಮೊಣಕಾಲು ನೋವು ಎಂದರೇನೆಂದು ತಿಳಿಯಿತು. ಅದನ್ನು ಯಾರಿಗೂ ಹೇಳಲಿಲ್ಲ, ಹೇಳಿದರೆ ನಂಬುವವರು ಯಾರು?

ನಾಲ್ಕು ತಿಂಗಳಾದ ಮೇಲಿನ ಒಂದು ಭಾನುವಾರದ ಮಾತು ಹೇಳಿ ಮುಗಿಸುತ್ತೇನೆ. ಗಿರಿಜೆಯ ಭಾಷೆಯಲ್ಲಿ ಹೆಸರನ್ನು ಅಕ್ಷರದಲ್ಲಿ ಹೇಳುವುದಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಸನ್ನೆ. ಅವ್ವ ಎಂದರೆ ಹಣೆಯ ಮೇಲೆ ಮೂರು ಬೆರಳು ಎಳೆಯುವುದು. ಸುಮಿತ್ರೆ ಎಂದರೆ ಬಸ್ಸಿನ ಕಂಬಿ ಹಿಡಿಯುವುದು. ನನ್ನ ಹೆಸರು ಕಿವಿಯ ಹತ್ತಿರ ಕಾಯಿ ಅಲ್ಲಾಡಿಸುವುದು, ಚಿಕ್ಕಂದಿನಿಂದಲೂ ಅದೇ. ಆ ದಿನ ಅವ್ವ ಮಗುವನ್ನು ತೆರೆಯ ಹತ್ತಿರ ತಂದು, ಯಾರು ನೋಡು ಎಂದಳು. ಕ್ಯಾಮೆರಾದ ಕತ್ತನ್ನು ಕೈಯಿಂದ ಎತ್ತಿ ಹಿಡಿದು ಕೂತಿದ್ದ ನನ್ನನ್ನು ನಂದೀಶ ದಿಟ್ಟಿಸಿ ನೋಡಿ, “ಮಾಮ” ಎಂದ. ಸ್ಪಷ್ಟವಾಗಿ, ಅವ್ವನದೇ ರಾಗದಲ್ಲಿ. ನನ್ನ ಕಣ್ಣು ತುಂಬಿತು. ಹೇಳುತ್ತಲೇ ಅವನು ಕೈಯಲ್ಲೂ ಹೇಳಿದ, ಆ ಮನೆಯ ಮಕ್ಕಳು ಎರಡರಲ್ಲೂ ಹೇಳಬೇಕಲ್ಲ. ಕೈ ಕಿವಿಯ ಹತ್ತಿರ ಹೋಗಲಿಲ್ಲ. ಎರಡು ಪುಟ್ಟ ಅಂಗೈಗಳು ಒಂದು ಕಾಗದವನ್ನು ಮಡಿಸಿದವು, ಇನ್ನೊಮ್ಮೆ ಮಡಿಸಿದವು, ಎದೆಯ ಮೇಲಿನ ಜೇಬಿಗೆ ಇಳಿಸಿ ಮೇಲೆ ತಟ್ಟಿದವು. ಹಿಂದೆ ನಿಂತಿದ್ದ ಗಿರಿಜೆ ಬೇರೆ ಕಡೆ ನೋಡಿದಳು.

ಸುಮಿತ್ರೆಗೆ ಕೈಭಾಷೆ ಅಷ್ಟಾಗಿ ಬರುವುದಿಲ್ಲ. ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, “ಏನಂತಾನ್ರೀ ಅವ್ನು?” ಎಂದು ಕೇಳಿದಳು.

“ಮಾಮ ಚೆನ್ನಾಗಿದ್ದಾನಾ ಅಂತ ಕೇಳ್ತಾನೆ ಕಣೇ” ಎಂದೆ.